ಅಲೈನ್‌ಮೆಂಟ್ ಅಂದ್ರೆ ಎಂತ? ಡಿ ಅಂಡ್ ಡಿ ಪಾತ್ರಕ್ಕೆ ಒಂದು ನಿಲುವು ಆರಿಸೋದು ಹೇಗೆ

ಪುಷ್ಯ ಮಳೆ ಹಿಡ್ಕೊಂಡಾಗಿಂದ ದಿನಾ ಬೆಳಿಗ್ಗೆ ಶಾಲೆಗೆ ರಜೆ ಅಂತ ಮೆಸೇಜು, ಮಕ್ಳು ಮನೇಲಿ, ಹೊರಗೆ ಕಾಲಿಡೋ ಹಾಗಿಲ್ಲ, ಕರೆಂಟ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ತೀರ್ಥಹಳ್ಳಿ ಹತ್ರ ನಮ್ಮಕ್ಕನ ಮನೆ ಜಗಲೀಲಿ ಹೋದ ವಾರ ಐದು ಜನ ಮಕ್ಳು ಕಂಬಳಿ ಹಾಸ್ಕೊಂಡು ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್, ಅಂದ್ರೆ ಈ ಡಿ ಅಂಡ್ ಡಿ, ಆಡೋಕೆ ಹೊರಟ್ರು. ಬೆಂಗ್ಳೂರಲ್ಲಿ ಓದೋ ಅಕ್ಕನ ಮಗ ದಾಳ, ಕ್ಯಾರೆಕ್ಟರ್ ಶೀಟು ಎಲ್ಲಾ ತಂದಿದ್ದ. ಪಾತ್ರದ ಹೆಸರು, ಕುಲ ಎಲ್ಫೋ ಡ್ವಾರ್ಫೋ, ಕತ್ತಿನೋ ಮಂತ್ರನೋ, ಎಲ್ಲಾ ಹತ್ತು ನಿಮಿಷದಲ್ಲಿ ತುಂಬಿಸಿ ಆಯ್ತು. ಆಮೇಲೆ ಒಂದು ಖಾನೆ ಹತ್ರ ಎಲ್ರ ಪೆನ್ಸಿಲ್ಲೂ ನಿಂತೋಯ್ತು. ಅಲೈನ್‌ಮೆಂಟ್.

"ಚಿಕ್ಕಿ, ಇದೆಂತದು? ಜೀಪಿಗೆ ಮಾಡಿಸ್ತಾರಲ್ಲ, ಆ ವೀಲ್ ಅಲೈನ್‌ಮೆಂಟಾ?" ಅಂತ ಎಲ್ರಿಗಿಂತ ಸಣ್ಣವಳು ನನ್ನ ಕೇಳಿದ್ಲು. ಉಳಿದೋರು ನಕ್ರು. ಆದ್ರೆ ಅವಳು ಹೇಳಿದ್ದು ಎಷ್ಟು ಸರಿ ಇತ್ತು ಅಂದ್ರೆ ಅವತ್ತಿಂದ ಯಾರು ಕೇಳಿದ್ರೂ ನಾನು ಅಲ್ಲಿಂದನೇ ಶುರು ಮಾಡ್ತಿದೀನಿ. ಈ ಆಟ ಈಗ ನಮ್ಮ ಕಡೆ ಮಕ್ಳ ಕೈಗೂ ಬರ್ತಾ ಇದೆ, ಅಪ್ಪ ಅಮ್ಮಂದ್ರು ಶೀಟ್ ನೋಡಿ "ಈವಿಲ್ ಅಂತ ಯಾಕೆ ಬರ್ದಿದಾನೆ ಇವ್ನು" ಅಂತ ಗಾಬರಿ ಆಗ್ತಾರೆ, ಅವ್ರಿಗೂ ಸೇರ್ಸಿ ಇದನ್ನ ಬರೀತಿದೀನಿ.

ಮೊದ್ಲು ಆಟ ಎಂಥದ್ದು ಅಂತ

ಗೊತ್ತಿಲ್ದೋರಿಗೆ ಹೇಳೋಕೆ ಸುಲಭದ ದಾರಿ ತಾಳಮದ್ದಲೆ. ತಾಳಮದ್ದಲೇಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತಿರ್ತಾರೆ, ಆದ್ರೆ ಬಾಯಿ ಬಿಟ್ರೆ ಒಬ್ರು ಕರ್ಣ ಇನ್ನೊಬ್ರು ಕೃಷ್ಣ. ಎದುರಿನೋರು ಎಂತ ಹೇಳ್ತಾರೆ ಅಂತ ಮೊದ್ಲೇ ಗೊತ್ತಿರಲ್ಲ, ಅಲ್ಲೇ ಯೋಚನೆ ಮಾಡಿ ಪಾತ್ರದ ಒಳಗಿಂದ ಉತ್ರ ಕೊಡ್ಬೇಕು. ಡಿ ಅಂಡ್ ಡಿ ಕೂಡ ಹೀಗೇ, ನಾಲ್ಕೈದು ಜನ ಕೂತ್ಕೋತಾರೆ, ಒಬ್ಬೊಬ್ರಿಗೆ ಒಂದೊಂದು ಪಾತ್ರ, ಡಂಜನ್ ಮಾಸ್ಟರ್ ಅಂತ ಒಬ್ರು ಮಾತ್ರ ಉಳಿದ ಪೂರ್ತಿ ಪ್ರಪಂಚ. ಊರು, ಕಾಡು, ರಾಕ್ಷಸ, ಅಂಗಡಿಯವನು ಎಲ್ಲಾ ಅವರೇ. ಒಂದು ದೊಡ್ಡ ವ್ಯತ್ಯಾಸ ಇದೆ. ತಾಳಮದ್ದಲೇಲಿ ಕರ್ಣ ಕೊನೆಗೆ ಬೀಳ್ತಾನೆ ಅಂತ ಎಲ್ರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು "ನಾನು ಗೋಡೆ ಹತ್ತೀನಿ" ಅಂತೀರಿ, ಇಪ್ಪತ್ತು ಮುಖದ ದಾಳ ಉರುಳತ್ತೆ, ಹತ್ತಿದ್ರೋ ಬಿದ್ರೋ ಅದು ಹೇಳತ್ತೆ.

ಪ್ರಸಂಗ ಬರ್ದಿಟ್ಟಿಲ್ಲ, ಪಾತ್ರಾನೂ ಹೊಸದು, ಹಾಗಾದ್ರೆ ಇವನು ಎಂಥವನು ಅಂತ ಯಾರು ಹೇಳ್ಬೇಕು? ಕರ್ಣ ಎಂಥವನು ಅಂತ ಅಜ್ಜಿ ಹೇಳಿರ್ತಾರೆ, ನೀವು ನಿನ್ನೆ ಸಂಜೆ ಹುಟ್ಸಿದ ಡ್ವಾರ್ಫ್ ಎಂಥವನು ಅಂತ ಅಜ್ಜಿಗೂ ಗೊತ್ತಿಲ್ಲ. ಆ ಖಾಲಿ ಜಾಗಕ್ಕೇ ಅಲೈನ್‌ಮೆಂಟ್ ಇರೋದು.

ಸ್ಟೇರಿಂಗ್ ಬಿಟ್ರೆ ಗಾಡಿ ಎತ್ಲಾಗೆ ಎಳಿಯತ್ತೆ

ನಮ್ಮ ರಸ್ತೇಲಿ ಎರಡು ಮಳೆಗಾಲ ಓಡಿದ ಜೀಪು ತಗೊಳ್ಳಿ. ನೇರ ರಸ್ತೇಲಿ ಸ್ಟೇರಿಂಗ್ ಒಂದು ಕ್ಷಣ ಸಡ್ಲ ಬಿಟ್ರೆ ಎಡಕ್ಕೋ ಬಲಕ್ಕೋ ಎಳಿಯತ್ತೆ. ಹಾಗಂತ ಎಡಕ್ಕೆ ಎಳಿಯೋ ಗಾಡಿ ಬಲಕ್ಕೆ ತಿರುಗಲ್ಲ ಅಂತೇನಿಲ್ಲ, ತಿರುಗತ್ತೆ, ನೀವು ಕೈ ಬಿಗಿ ಹಿಡಿದು ತಿರುಗಿಸ್ಬೇಕು ಅಷ್ಟೆ.

ಪಾತ್ರದ ಅಲೈನ್‌ಮೆಂಟೂ ಅದೇ. ಏನೂ ಯೋಚ್ನೆ ಮಾಡ್ದೆ ಇದ್ರೆ ಈ ಮನುಷ್ಯ ಯಾವ ಕಡೆ ಎಳೀತಾನೆ ಅನ್ನೋದನ್ನ ಎರಡು ಪದದಲ್ಲಿ ಬರ್ದಿಡೋದು. ಕ್ರೂರಿ ಆದೋನು ಒಂದು ದಿನ ದಯೆ ತೋರಿಸ್ಬೋದು, ಆದ್ರೆ ಅದಕ್ಕೆ ಅವನು ಸ್ಟೇರಿಂಗ್ ಹಿಡಿದು ತಿರುಗಿಸ್ಬೇಕು, ಕಥೇಲಿ ಆ ತಿರುವೇ ನೆನಪಲ್ಲಿ ಉಳಿಯೋದು. ಹೊಸಬರು ಎಲ್ರೂ ಎಡವೋದು ಇಲ್ಲೇ. ಅಲೈನ್‌ಮೆಂಟ್ ಅಂದ್ರೆ ಅಪ್ಪಣೆ, "ನಾನು ಗುಡ್ ಅಂತ ಬರ್ದಿದೀನಿ ಹಾಗಾಗಿ ಸುಳ್ಳು ಹೇಳೋ ಹಾಗೇ ಇಲ್ಲ" ಅಂದ್ಕೊಂಡ್ಬಿಡ್ತಾರೆ. ಹಾಗಲ್ಲ.

ಎರಡು ಪ್ರಶ್ನೆ, ಒಂಬತ್ತು ಮನೆ

ಎರಡು ಪದ ಅಂದ್ನಲ್ಲ, ಒಂದೊಂದು ಪದ ಒಂದೊಂದು ಪ್ರಶ್ನೆಗೆ ಉತ್ರ.

ಸುಲಭದ ಪ್ರಶ್ನೆ ಮೊದ್ಲು. ಬೇರೆಯವ್ರ ಕಷ್ಟ ಕಂಡಾಗ ಇವನು ಎಂತ ಮಾಡ್ತಾನೆ? ತನಗೆ ನಷ್ಟ ಆದ್ರೂ ಕೈ ಕೊಡೋನು ಗುಡ್. ತನ್ನ ಲಾಭಕ್ಕೆ ಬೇರೆಯವ್ರನ್ನ ತುಳಿಯೋಕೆ ಹಿಂಜರಿಯದವನು ಈವಿಲ್. ತನ್ನವ್ರಿಗೆ ಮಾಡ್ತಾನೆ, ಗುರುತು ಪರಿಚಯ ಇಲ್ದೋರಿಗೆ ಅಷ್ಟಾಗಿ ಇಲ್ಲ, ತೊಂದ್ರೆನೂ ಕೊಡಲ್ಲ, ಅವನು ನ್ಯೂಟ್ರಲ್. ಪ್ರಪಂಚದಲ್ಲಿ ಬಹಳ ಜನ ಇಲ್ಲೇ ಬರ್ತಾರೆ ಅಂತ ನನಗನ್ಸತ್ತೆ, ಅದ್ರಲ್ಲಿ ಅವಮಾನ ಏನಿಲ್ಲ.

ಎರಡನೇ ಪ್ರಶ್ನೆ ಕಷ್ಟ, ಎಲ್ಲಾ ಗೊಂದಲ ಇಲ್ಲೇ. ಲಾಫುಲ್, ನ್ಯೂಟ್ರಲ್, ಕೇಯಾಟಿಕ್. ಲಾಫುಲ್ ಅಂದಕೂಡ್ಲೇ ಪೊಲೀಸು ಕೋರ್ಟು ಅಂತ ತಲೇಲಿ ಬರತ್ತೆ, ಅದನ್ನ ಬಿಟ್ಬಿಡಿ. ಕೊಟ್ಟ ಮಾತು, ಕಟ್ಟಳೆ, ಹಿರಿಯರು ಮಾಡಿಟ್ಟ ಪದ್ಧತಿ, ಗುರು ಹೇಳಿದ್ದು, ಇಂಥ ಯಾವುದೋ ಒಂದು ಗೆರೆ ತನ್ನ ಮನಸ್ಸಿಗಿಂತ ದೊಡ್ಡದು ಅಂತ ನಂಬೋನು ಲಾಫುಲ್. ಆ ಗೆರೆ ಸರ್ಕಾರದ್ದೇ ಆಗ್ಬೇಕು ಅಂತಿಲ್ಲ, ಕಳ್ಳರ ಗುಂಪಿನ ಕಟ್ಟಳೆಗೆ ಪ್ರಾಣ ಕೊಡೋನೂ ಲಾಫುಲ್ಲೇ. ಕೇಯಾಟಿಕ್ ಅಂದ್ರೆ ತಲೆಕೆಟ್ಟೋನು ಅಂತಲ್ಲ, ಆ ಹೊತ್ತಿಗೆ ತನ್ನ ಮನಸ್ಸು ಎಂತ ಹೇಳತ್ತೋ ಅದೇ ದೊಡ್ಡದು, ಗೆರೆ ಯಾರು ಹಾಕಿದ್ರೂ ಅದು ತನ್ನನ್ನ ಕಟ್ಟಬಾರ್ದು ಅನ್ನೋನು.

ಇದು ಬೇಗ ಅರ್ಥ ಆಗ್ಬೇಕು ಅಂದ್ರೆ ಕುರುಕ್ಷೇತ್ರದ ಒಂದು ಕ್ಷಣ ನೆನೆಸ್ಕೊಳ್ಳಿ. ಕೃಷ್ಣ ಆಯುಧ ಹಿಡಿಯಲ್ಲ ಅಂತ ಮಾತು ಕೊಟ್ಟಿದಾನೆ. ಭೀಷ್ಮನ ಬಾಣಕ್ಕೆ ಅರ್ಜುನ ತತ್ತರಿಸ್ತಾ ಇದಾನೆ. ಕೃಷ್ಣ ರಥದಿಂದ ಹಾರಿ ಚಕ್ರ ಹಿಡಿದು ಭೀಷ್ಮನ ಮೇಲೇ ಹೊರಡ್ತಾನೆ, ಅರ್ಜುನ ಓಡಿಬಂದು ಕಾಲು ಹಿಡ್ಕೊಂಡು ತಡೀತಾನೆ. ಎದುರಿಗೆ ನಿಂತಿರೋ ಭೀಷ್ಮ ಆಡಿದ ಮಾತಿಗೆ ಜೀವನ ಪೂರ್ತಿ ಕೊಟ್ಟವನು, ಆ ಮಾತಿಗೆ ಕಟ್ಟುಬಿದ್ದು ತುಂಬಿದ ಸಭೇಲಿ ಸುಮ್ನೆ ಕೂತವನೂ ಹೌದು. ಒಬ್ಬ ಕಾಪಾಡೋಕೆ ಮಾತು ಮುರಿಯೋಕೆ ಹೊರಟ, ಇನ್ನೊಬ್ಬ ಎಂತ ಆದ್ರೂ ಮಾತು ಮುರೀಲಿಲ್ಲ. ಲಾಫುಲ್ ಕೇಯಾಟಿಕ್ ನಡುವಿನ ವ್ಯತ್ಯಾಸ ಅಂದ್ರೆ ಅದೇ. ಯಾರು ಒಳ್ಳೇವ್ರು ಅನ್ನೋದು ಬೇರೇನೇ ಪ್ರಶ್ನೆ, ಎರಡನ್ನ ಕಲಸಬಾರ್ದು.

ಎರಡೂ ಕೂಡಿರೋರು ಬೇಕಾ, ನಮ್ಮ ಪುಣ್ಯಕೋಟಿ ಇದಾಳಲ್ಲ. ಕರುವಿಗೆ ಹಾಲು ಕೊಡೋಕೆ ಹೋಗಿದ್ದು ಗುಡ್, ಹುಲಿ ಹತ್ರ ವಾಪಸ್ ಬಂದಿದ್ದು ಲಾಫುಲ್. ಓಡಿಹೋಗಿದ್ರೆ ಯಾರೂ ತಪ್ಪು ಅಂತಿರ್ಲಿಲ್ಲ.

ಆ ಪ್ರಶ್ನೆಗೆ ಮೂರು ಉತ್ರ, ಈ ಪ್ರಶ್ನೆಗೆ ಮೂರು ಉತ್ರ, ಮೂರು ಮೂರ್ಲ ಒಂಬತ್ತು. ಎರಡೂ ಕಡೆ ನ್ಯೂಟ್ರಲ್ ಬಂದ್ರೆ ಟ್ರೂ ನ್ಯೂಟ್ರಲ್ ಅಂತಾರೆ. ಈಗಿನ ಪುಸ್ತಕದಲ್ಲಿ ಪ್ರಾಣಿಗಳಿಗೆ ಇವ್ಯಾವ್ದೂ ಇಲ್ಲ, ಅನ್‌ಅಲೈನ್ಡ್ ಅಂತ ಬರೀತಾರೆ, ಹುಲಿ ಹಸಿದಾಗ ತಿಂದ್ರೆ ಅದು ಈವಿಲ್ ಅಲ್ಲ.

ರಾತ್ರಿ ಗೇಟು

ಅವತ್ತು ಮಕ್ಳಿಗೆ ಒಂಬತ್ತು ಹೆಸ್ರು ಹೇಳಿದ್ದೇನೋ ಆಯ್ತು, ಮುಖ ನೋಡಿದ್ರೆ ಯಾರಿಗೂ ಹತ್ತಿಲ್ಲ. ಹಾಗಾಗಿ ಖಾನೆ ಖಾಲಿ ಬಿಡಿ ಅಂತ ಹೇಳಿ ನಾನೇ ಡಂಜನ್ ಮಾಸ್ಟರ್ ಆಗಿ ಒಂದು ಸನ್ನಿವೇಶ ಕೊಟ್ಟೆ. ಹೊರಗೆ ಮಳೆ ಹೆಂಚಿನ ಮೇಲೆ ಬಡೀತಿತ್ತು, ಕರೆಂಟ್ ಹೋಗಿತ್ತು, ಚಾರ್ಜರ್ ಲೈಟ್ ಮಧ್ಯದಲ್ಲಿ, ಪಕ್ಕದಲ್ಲಿ ಹಲಸಿನ ಹಪ್ಪಳದ ಡಬ್ಬಿ.

ಘಾಟಿ ಮೇಲೆ ಒಂದು ಊರು. ಊರಿಗೆ ಒಂದೇ ದಾರಿ, ದಾರಿಗೆ ಒಂದು ಮರದ ಗೇಟು. ಕತ್ಲಾದ್ಮೇಲೆ ಬೆಳಗಾಗೋ ತನಕ ತೆಗೆಯೋ ಹಾಗಿಲ್ಲ, ಯಾಕಂದ್ರೆ ಹೋದ ತಿಂಗ್ಳು ಯಾರೋ ಬೇಡ್ಕೊಂಡ್ರು ಅಂತ ತೆಗ್ದಾಗ ಹಿಂದೇನೇ ತೋಳಗಳು ನುಗ್ಗಿ ಊರಲ್ಲಿ ಮೂರು ಜನ ಸತ್ರು. ಈಗ ಗೇಟಿನ ಹೊರಗೆ ಒಂದು ಗಾಡಿ ಬಂದು ನಿಂತಿದೆ, ಒಳಗೆ ಹಾವು ಕಚ್ಚಿದವನು, ಔಷಧಿ ಕೊಡೋ ಪಂಡಿತ ಇರೋದು ಊರೊಳಗೆ. ಗೇಟ್ ಕಾಯೋ ಮುದುಕ ಆಗಲ್ಲ ಅಂತಿದಾನೆ. ನೀವು ಗಾಡಿ ಜೊತೆ ಇದೀರಿ, ಎಂತ ಮಾಡ್ತೀರಿ?

ಕಟ್ಟಳೆಗೆ ಒಂದು ಕಾರಣ ಇರೋ ಹಾಗೆ ಬೇಕಂತಲೇ ಮಾಡಿದ್ದೆ. ಕಾರಣ ಇಲ್ದ ಕಟ್ಟಳೆ ಮುರಿಯೋದು ಎಲ್ರಿಗೂ ಸುಲಭ, ಅದ್ರಿಂದ ಯಾರ ಸ್ವಭಾವಾನೂ ಗೊತ್ತಾಗಲ್ಲ.

ಅಕ್ಕನ ಮಗ ತಕ್ಷಣ "ಗೇಟ್ ಒಡೀತೀನಿ, ಒಬ್ಬ ಸಾಯ್ತಾ ಇದಾನೆ" ಅಂದ. ಕೇಯಾಟಿಕ್ ಗುಡ್ ಅಂದ್ರೆ ಹೆಚ್ಚುಕಮ್ಮಿ ಅದು, ಮನಸ್ಸು ಒಳ್ಳೇದು, ಗೆರೆ ಲೆಕ್ಕಕ್ಕಿಲ್ಲ. ಅವನ ಫ್ರೆಂಡು "ಒಡೆದ್ರೆ ಒಳಗಿರೋ ಮಕ್ಳ ಗತಿ ಎಂತ ಮಾರಾಯ?" ಅಂದ, ಊರಿನ ಯಜಮಾನನ್ನ ಎಬ್ಬಿಸಿ ಅಪ್ಪಣೆ ತಗೊಳ್ಳೋಣ ಅಂತ ಕೂಗೋಕೆ ಶುರು ಮಾಡ್ದ. ಅದು ಲಾಫುಲ್ ಗುಡ್, ದಾರಿ ಉದ್ದ ಆದ್ರೂ ಸರಿಯಾದ ದಾರೀಲೇ ಹೋಗೋನು. ನ್ಯೂಟ್ರಲ್ ಗುಡ್ ಆಗಿದ್ರೆ ಯಜಮಾನ ಎದ್ರೆ ಹಾಗೆ, ಏಳದಿದ್ರೆ ಗೋಡೆ ಹಾರಿ ಔಷಧಿನೇ ಹೊರಗೆ ತರೋದು, ಯಾವ್ದಾದ್ರೂ ಸರಿ ಬದುಕಿದ್ರೆ ಸಾಕು.

ಆ ಗೇಟ್ ಕಾಯೋ ಮುದುಕನೇ ಲಾಫುಲ್ ನ್ಯೂಟ್ರಲ್. ಅವನಿಗೆ ಹಾವು ಕಚ್ಚಿದವನ ಮೇಲೆ ದ್ವೇಷ ಇಲ್ಲ, ಇವತ್ತು ಒಬ್ಬನಿಗೆ ತೆಗೆದ್ರೆ ನಾಳೆ ಗೇಟಿಗೆ ಅರ್ಥನೇ ಇಲ್ಲ ಅಷ್ಟೆ. ಟ್ರೂ ನ್ಯೂಟ್ರಲ್ ಮನುಷ್ಯ ಗಾಡೀಲಿ ಇರೋನು ಯಾರು ಅಂತ ಮೊದ್ಲು ನೋಡ್ತಾನೆ.

ಈವಿಲ್ ಪಾತ್ರನೂ ಗೇಟ್ ತೆಗೀಬೋದು ಅಂದಾಗ ಮಕ್ಳಿಗೆ ಆಶ್ಚರ್ಯ ಆಯ್ತು. ಲಾಫುಲ್ ಈವಿಲ್ ಗಾಡಿಯವನ ಹತ್ರ ಬಂದು ಮೆಲ್ಲಗೆ "ತೆಗೆಸ್ತೀನಿ, ನಿನ್ನ ತೋಟ ನನ್ನ ಹೆಸ್ರಿಗೆ ಬರ್ಕೊಡು" ಅಂತಾನೆ, ಬರ್ಕೊಟ್ಮೇಲೆ ಮಾತಿಗೆ ತಪ್ಪದೆ ತೆಗೆಸ್ತಾನೆ ಕೂಡ. ಈ ಆಟದಲ್ಲಿ ಡೆವಿಲ್ ಅನ್ನೋ ಜೀವಿಗಳು ಹೀಗೇ, ಕರಾರು ಪತ್ರದಲ್ಲೇ ಮುಗಿಸ್ತವೆ. ಡೀಮನ್ ಅನ್ನೋವು ಕೇಯಾಟಿಕ್ ಈವಿಲ್, ಅವಕ್ಕೆ ಗೇಟು ಉರಿಯೋದು ನೋಡೋದೇ ಖುಷಿ. ನಡುವಿನ ನ್ಯೂಟ್ರಲ್ ಈವಿಲ್ ಇಬ್ರ ಹತ್ರನೂ ದುಡ್ಡು ತಗೊಂಡು ಮಾಯ ಆಗ್ತಾನೆ.

ಒಂದು ಉಳೀತು, ಕೇಯಾಟಿಕ್ ನ್ಯೂಟ್ರಲ್. ಇದ್ರ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಹೊಸಬರು ತುಂಬಾ ಜನ ಇದನ್ನ ಆರಿಸ್ತಾರೆ, ಏನು ಬೇಕಾದ್ರೂ ಮಾಡ್ಬೋದು ಅಂತ. ಆಮೇಲೆ ಗೆಳೆಯರ ಚೀಲದಿಂದನೇ ಕದಿಯೋದು, ರಾಜ ಮಾತಾಡ್ತಿರುವಾಗ ಮುಖಕ್ಕೆ ಹೊಡೆಯೋದು, ಕೇಳಿದ್ರೆ "ನನ್ನ ಪಾತ್ರ ಹಾಗೇ ಇರೋದು" ಅಂತ ಉತ್ರ. ಆಟ ಅಲ್ಲೇ ಕೆಡತ್ತೆ. ಕೇಯಾಟಿಕ್ ನ್ಯೂಟ್ರಲ್ ಅಂದ್ರೆ ತನ್ನ ಸ್ವಾತಂತ್ರ್ಯ ಎಲ್ಲಕ್ಕಿಂತ ದೊಡ್ಡದು ಅನ್ನೋ ಮನುಷ್ಯ. ಅವನಿಗೂ ಪ್ರೀತಿಯ ಜನ ಇರ್ತಾರೆ, ಭಯ ಇರತ್ತೆ. ಗೇಟಿನ ಹತ್ರ ಅವನು ರೇಗೋದು "ನಾನು ಎಲ್ಲಿ ಮಲಗ್ಬೇಕು ಅಂತ ಇವ್ನ್ಯಾರು ಹೇಳೋಕೆ" ಅಂತ. ಕಾರಣ ಇಲ್ದೆ ಕುಣಿಯೋನು ಅಲ್ಲ.

ಈವಿಲ್ ಆಡ್ಬೋದಾ?

ಆಡ್ಬೋದು, ಆದ್ರೆ ಮೊದಲನೇ ಸಲ ಬೇಡ ಅಂತ ನಾನು ಹೇಳ್ತೀನಿ. ತಾಳಮದ್ದಲೇಲಿ ಒಳ್ಳೇ ಅರ್ಥಧಾರಿ ಕೌರವನ ಅರ್ಥ ಹೇಳೋದು ಕೇಳಿದೀರಲ್ಲ. ಸಂಧಾನಕ್ಕೆ ಕೃಷ್ಣ ಬಂದಾಗ "ನಾನು ದುಷ್ಟ" ಅಂತ ಕೌರವ ಯಾವತ್ತಾದ್ರೂ ಹೇಳ್ತಾನಾ? ನ್ಯಾಯ ನಂದು, ಜೂಜಲ್ಲಿ ಗೆದ್ದಿದ್ದು ನಾನು, ಕೊಡಲ್ಲ ಅಂತಾನೆ, ಅರ್ಧ ಗಂಟೆ ಕೇಳಿದ್ರೆ ಮುಂದೆ ಕೂತೋರಿಗೂ ಒಂದು ಕ್ಷಣ ಹೌದಲ್ಲ ಅನ್ಸತ್ತೆ. ಈವಿಲ್ ಪಾತ್ರ ಆಡೋದಾದ್ರೆ ಹಾಗೆ ಆಡ್ಬೇಕು. ಅದಕ್ಕೆ ಅಭ್ಯಾಸ ಬೇಕು, ಜೊತೆಗೆ ಕೂತೋರ ಒಪ್ಪಿಗೆನೂ ಬೇಕು. ಮಕ್ಳ ಶೀಟ್ ನೋಡಿ ಹೆದರೋ ಅಪ್ಪ ಅಮ್ಮಂದ್ರಿಗೆ ನಾನು ಹೇಳೋದೂ ಇದನ್ನೇ, ಕೌರವನ ಅರ್ಥ ಹೇಳಿದೋರು ಮನೆಗೆ ಹೋಗಿ ಯಾರ ರಾಜ್ಯಾನೂ ಕಸ್ಕೊಳ್ಳಲ್ಲ.

ಇದು ಬಂದಿದ್ದು ಎಲ್ಲಿಂದ

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ರು ಅಮೆರಿಕನ್ನರು 1974ರಲ್ಲಿ ಈ ಆಟ ಹೊರತಂದ್ರು. ಅದು ಹುಟ್ಟಿದ್ದು ಪುಟ್ಟ ಪುಟ್ಟ ಸೈನಿಕರ ಗೊಂಬೆ ಇಟ್ಟು ಆಡೋ ಯುದ್ಧದ ಆಟದಿಂದ, ಹಾಗಾಗಿ ಆಗ ಅಲೈನ್‌ಮೆಂಟ್ ಅಂದ್ರೆ ಯಾವ ಪಕ್ಷ ಅಂತ ಹೇಳಿದ ಹಾಗಿತ್ತು. ಇದ್ದಿದ್ದೇ ಮೂರು, ಲಾ, ನ್ಯೂಟ್ರಾಲಿಟಿ, ಕೇಯಾಸ್. ಒಂದೊಂದು ಪಕ್ಷಕ್ಕೆ ಒಂದೊಂದು ಗುಟ್ಟಿನ ಭಾಷೆ ಕೂಡ ಇತ್ತು. ಗುಡ್ ಈವಿಲ್ ಅನ್ನೋ ಎರಡನೇ ಗೆರೆ ಗೈಗ್ಯಾಕ್ಸ್ 1976ರ ಒಂದು ಲೇಖನದಲ್ಲಿ ಎಳೆದ್ರು, 1977ರ ಬೇಸಿಕ್ ಸೆಟ್ಟಲ್ಲಿ ಐದು ಆಯ್ತು, 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಲ್ಲಿ ಒಂಬತ್ತು.

ಆ ಕಾಲದಲ್ಲಿ ನಿಯಮ ಬಿಗಿ ಇತ್ತು. ಅಲೈನ್‌ಮೆಂಟ್ ಬದಲಾದ್ರೆ ಕಷ್ಟಪಟ್ಟು ಗಳಿಸಿದ ಒಂದು ಲೆವೆಲ್ಲೇ ಹೋಗ್ತಿತ್ತು. ಪ್ಯಾಲಡಿನ್ ಅನ್ನೋ ವ್ರತಧಾರಿ ಯೋಧ ಲಾಫುಲ್ ಗುಡ್ ಆಗಿರ್ಲೇಬೇಕಿತ್ತು. "ಗುಡ್ ಅಂದ್ರೆ ಸುಳ್ಳು ಹೇಳೋ ಹಾಗಿಲ್ಲ" ಅನ್ನೋ ಹೆದರಿಕೆ ಹುಟ್ಟಿದ್ದು ಅಲ್ಲಿಂದ್ಲೇ ಅನ್ಸತ್ತೆ. 2008ರ ನಾಲ್ಕನೇ ಆವೃತ್ತಿ ಒಂಬತ್ತನ್ನ ಐದಕ್ಕೆ ಇಳಿಸ್ತು, 2014ರ ಐದನೇ ಆವೃತ್ತಿ ಮತ್ತೆ ಒಂಬತ್ತು ತಂತು, ಆದ್ರೆ ಹಲ್ಲು ಕಿತ್ತಿಟ್ಟು. ಪ್ಯಾಲಡಿನ್ ಯಾವ ಅಲೈನ್‌ಮೆಂಟಾದ್ರೂ ಆಗ್ಬೋದು, ಮುಖ್ಯ ಆಗಿದ್ದು ಅವನು ತೊಟ್ಟ ಪ್ರತಿಜ್ಞೆ. ಈವಿಲ್ ಪತ್ತೆ ಹಚ್ಚೋ ಮಂತ್ರ ಇದೆಯಲ್ಲ, ಅದೂ ಈಗ ಮನುಷ್ಯನ ಮನಸ್ಸು ಓದಲ್ಲ, ಹತ್ರದಲ್ಲಿ ಪಿಶಾಚಿ, ಶವಭೂತ, ದೇವಲೋಕದ ಜೀವಿ ಇಂಥವು ಇದ್ರೆ ಮಾತ್ರ ಹೇಳತ್ತೆ.

ಓರ್ಕ್‌ಗಳು, ಡ್ರೌ ಅನ್ನೋ ಎಲ್ಫ್‌ಗಳು, ಇವ್ರೆಲ್ಲಾ ಹುಟ್ಟಾ ಕೆಟ್ಟೋರು ಅಂತ ಹಳೇ ಪುಸ್ತಕಗಳಲ್ಲಿ ಇರ್ತಿತ್ತು. 2020ರಲ್ಲಿ ಆಟ ಪ್ರಕಟಿಸೋ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯವ್ರೇ ಹಾಗೆ ತೋರಿಸೋದನ್ನ ಬಿಡ್ತೀವಿ ಅಂದ್ರು. ಸರಿಯಾದ ಮಾತು. ಹುಟ್ಟಿದ ಕುಲ ನೋಡಿ ಸ್ವಭಾವ ಬರ್ಯೋದು ಆಟದಲ್ಲಾದ್ರೂ ಬೇಡ.

ಕೆಲವರು ಖಾನೆನೇ ತೆಗೆದಿದಾರೆ. 2023ರ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಗೇಮಲ್ಲಿ ಅಲೈನ್‌ಮೆಂಟ್ ಇಲ್ಲ. ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟನೂ ಅದೇ ವರ್ಷ ಅದನ್ನ ಕೈಬಿಟ್ಟು, ಪಾತ್ರ ಮಾಡ್ಲೇಬೇಕಾದ್ದು ಎಂತ, ಏನೇ ಆದ್ರೂ ಮಾಡ್ಬಾರ್ದಾದ್ದು ಎಂತ ಅಂತ ಬರ್ಯೋದನ್ನ ಮುಂದೆ ತಂತು. ನಿಮ್ಮ ಶೀಟಲ್ಲಿ ಖಾನೆ ಇದ್ರೂ ಇಲ್ದಿದ್ರೂ ಈ ಎರಡು ಸಾಲು ಬರ್ಕೊಳ್ಳೋದು ಒಳ್ಳೇ ಅಭ್ಯಾಸ.

ಹಾಗಾದ್ರೆ ಆರಿಸೋದು ಹೇಗೆ

ಒಂಬತ್ತು ಹೆಸ್ರು ಎದುರಿಗೆ ಇಟ್ಕೊಂಡು ಯಾವ್ದು ಚಂದ ಅಂತ ನೋಡ್ಬೇಡಿ, ಸೀರೆ ಅಂಗಡಿ ಹಾಗೆ ಆಗತ್ತೆ, ಯಾವ್ದೂ ನಿಮ್ದು ಅನ್ಸಲ್ಲ. ಪಾತ್ರದ ಹಿಂದಿನ ಜೀವನದಲ್ಲಿ ಒಂದು ಘಟನೆ ಯೋಚ್ನೆ ಮಾಡಿ, ಅದ್ರಲ್ಲಿ ಅವನು ಏನಾದ್ರೂ ಕಳ್ಕೊಂಡಿರ್ಬೇಕು. ಯಾವ್ದಕ್ಕೋಸ್ಕರ ಕಳ್ಕೊಂಡ? ಕೊಟ್ಟ ಮಾತಿಗಾಗಿ ಆದ್ರೆ ಲಾಫುಲ್ ಕಡೆ, ಗುರುತಿಲ್ದ ಯಾರಿಗೋ ಆದ್ರೆ ಗುಡ್ ಕಡೆ, ಯಾರ ಮಾತೂ ಕೇಳಲ್ಲ ಅಂತ ಹೋಗಿ ಆದ್ರೆ ಕೇಯಾಟಿಕ್ ಕಡೆ. ನಷ್ಟ ಇಲ್ದ ಕಡೆ ಎಲ್ರೂ ಒಳ್ಳೇವ್ರೇ, ಅಲ್ಲಿ ನೋಡಿದ್ರೆ ಏನೂ ಸಿಗಲ್ಲ.

ಆಮೇಲೆ ಜೊತೆಗೆ ಆಡೋರ ಪಾತ್ರ ನೋಡಿ. ಎಲ್ರೂ ಒಂದೇ ತರ ಇರ್ಬೇಕಿಲ್ಲ, ಲಾಫುಲ್ ಗುಡ್ ಯೋಧನೂ ಕೇಯಾಟಿಕ್ ಗುಡ್ ಕಳ್ಳನೂ ಜಗಳ ಆಡ್ತಾ ಒಂದೇ ದಾರೀಲಿ ಹೋಗೋದು ಚಂದ. ಆದ್ರೆ ನಿಮ್ಮ ಪಾತ್ರ ಇವ್ರ ಜೊತೆ ಯಾಕೆ ಇದೆ ಅನ್ನೋದಕ್ಕೆ ನಿಮ್ಮ ಹತ್ರ ಉತ್ರ ಇರ್ಬೇಕು, ಉತ್ರ ಇಲ್ಲ ಅಂದ್ರೆ ಪಾತ್ರ ಬದಲಾಯಿಸಿ. ಮತ್ತೆ ಪೆನ್ಸಿಲ್ಲಲ್ಲೇ ಬರೀರಿ. ಮೂರ್ನಾಲ್ಕು ಸಲ ಆಡಿದ್ಮೇಲೆ ಪಾತ್ರ ನೀವು ಬರ್ದ ಹಾಗೆ ಇರದೇ ಇರ್ಬೋದು, ಆಗ ಅಳ್ಸಿ ಅವನು ನಡ್ಕೊಂಡ ಹಾಗೆ ಬರೀರಿ, ಈಗ ಅದಕ್ಕೆ ದಂಡ ಏನಿಲ್ಲ.

ಅವತ್ತು ಗೇಟಿನ ಹತ್ರ ಅರ್ಧ ಗಂಟೆ ವಾದ ನಡೀತು. ಯಜಮಾನ ಏಳಲಿಲ್ಲ, ದಾಳದಲ್ಲಿ 4 ಬಿತ್ತು. ಗೇಟ್ ಒಡೆಯೋಕೆ ಹೊರಟೋನನ್ನ ಉಳಿದೋರು ಹಿಡ್ಕೊಂಡಿದ್ರು. ಅಲ್ಲೀತನಕ ಸುಮ್ನೆ ಹಪ್ಪಳ ತಿಂತಾ ಕೂತಿದ್ದ ಸಣ್ಣವಳು "ಅಜ್ಜ, ಗಾಡಿ ಹೋಗೋವಷ್ಟೇ ತೆಗೀರಿ, ತೋಳ ಬಂದ್ರೆ ಅಂತ ನಾನು ಹೊರಗೇ ನಿಂತಿರ್ತೀನಿ, ನನ್ನ ಬಿಟ್ಟೇ ಬಾಗ್ಲು ಹಾಕ್ಕೊಳ್ಳಿ" ಅಂದ್ಲು. ಅವಳ ಪಾತ್ರಕ್ಕೆ ಇದ್ದಿದ್ದು ಒಂದು ದೊಣ್ಣೆ, ಎಂಟು ಪಾಯಿಂಟ್ ಪ್ರಾಣ. ಯಾರೂ ಮಾತಾಡ್ಲಿಲ್ಲ. ಮುದುಕನ ಪರವಾಗಿ ನಾನು ಅಗುಳಿ ತೆಗೆದೆ, ಗಾಡಿ ಒಳಗೆ ಹೋಯ್ತು, ಬಾಗ್ಲು ಹಾಕ್ತು.

"ಈಗ ನಾನು ಎಂತ ಬರೀಲಿ ಚಿಕ್ಕಿ?" ಅಂತ ಶೀಟ್ ಮುಂದೆ ಹಿಡಿದ್ಲು. ಯಾವ್ದಂತ ನಿಂಗೇ ಗೊತ್ತಲ್ಲ ಅಂದೆ. ಚಾರ್ಜರ್ ಲೈಟ್ ಹತ್ರ ಬಗ್ಗಿ ನಿಧಾನಕ್ಕೆ ಲಾಫುಲ್ ಗುಡ್ ಅಂತ ಬರ್ದು, ದಾಳ ಕೈಗೆ ತಗೊಂಡು, ತೋಳ ಎಷ್ಟು ಬಂದಿದಾವೆ ಅಂತ ಕೇಳಿದ್ಲು.